ಜಿಲ್ಲಾ ಪಂಚಾಯಿತಿ: ರಚನೆ, ಅಧಿಕಾರ ಮತ್ತು ಕಾರ್ಯವೈಖರಿ

ಸವದತ್ತಿ ತಾಲ್ಲೂಕಿನ ಹಳ್ಳಿಯ ಶಾಲೆಗೆ ಹೊಸ ಕೊಠಡಿ, ರಾಮದುರ್ಗ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆ, ಕಿತ್ತೂರು ಭಾಗದ ಸಣ್ಣ ಕೆರೆಯ ದುರಸ್ತಿ, ಬೈಲಹೊಂಗಲ ತಾಲ್ಲೂಕಿನ ಅಂಗನವಾಡಿಯ ಮೇಲುಸ್ತುವಾರಿ. ಮೇಲ್ನೋಟಕ್ಕೆ ಬೇರೆ ಬೇರೆ ಇಲಾಖೆಗಳಿಗೆ ಸೇರಿದಂತೆ ಕಾಣುವ ಈ ಕೆಲಸಗಳೆಲ್ಲವೂ ಒಂದೇ ಸಂಸ್ಥೆಯ ವ್ಯಾಪ್ತಿಗೆ ಬರುತ್ತವೆ. ಅದು ಬೆಳಗಾವಿ ಜಿಲ್ಲಾ ಪಂಚಾಯಿತಿ.

ಗ್ರಾಮ, ತಾಲ್ಲೂಕು ಮತ್ತು ಜಿಲ್ಲೆ ಎಂಬ ಮೂರು ಹಂತಗಳ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಜಿಲ್ಲಾ ಪಂಚಾಯಿತಿಯದು ಅತ್ಯುನ್ನತ ಹಂತ. ಆದರೆ 2016ರ ಫೆಬ್ರುವರಿಯಲ್ಲಿ ಚುನಾಯಿತರಾದ ಅದರ ಸದಸ್ಯರ ಅವಧಿ 2021ರಲ್ಲಿ ಮುಗಿದ ಬಳಿಕ, 2025ರ ಕೊನೆಯವರೆಗೂ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆಯಲಿಲ್ಲ. ಕಚೇರಿಯೂ ಇತ್ತು, ಅಧಿಕಾರಿಗಳೂ ಇದ್ದರು, ಕಡತಗಳೂ ಚಲಿಸಿದವು. ಇಲ್ಲದಿದ್ದವರು ಜನರಿಂದ ಆಯ್ಕೆಯಾದ ಪ್ರತಿನಿಧಿಗಳು ಮಾತ್ರ. ಈ ಹಿನ್ನೆಲೆಯಲ್ಲಿ ಜಿಲ್ಲಾ ಪಂಚಾಯಿತಿ ಎಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಸದಸ್ಯರಿಲ್ಲದಿದ್ದರೆ ಜನರಿಗೆ ಆಗುವ ನಷ್ಟವೇನು ಎಂಬುದರ ಸ್ಥೂಲ ಪರಿಚಯ ಇಲ್ಲಿದೆ.

ಲೋಕಲ್ ಬೋರ್ಡ್‌ನಿಂದ ಪಂಚಾಯಿತಿವರೆಗೆ

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹೀಗಾಗಿ ಇಲ್ಲಿನ ಸ್ಥಳೀಯ ಆಡಳಿತದ ಬೇರುಗಳು ಹಳೆಯ ಮೈಸೂರು ಸಂಸ್ಥಾನದಲ್ಲಿಲ್ಲ, 1884ರ ಮುಂಬಯಿ ಸ್ಥಳೀಯ ಮಂಡಳಿಗಳ ಕಾಯ್ದೆಯಲ್ಲಿವೆ. ಆ ಕಾಯ್ದೆಯನ್ವಯ ಜಿಲ್ಲಾ ಲೋಕಲ್ ಬೋರ್ಡ್ ಮತ್ತು ತಾಲ್ಲೂಕು ಲೋಕಲ್ ಬೋರ್ಡ್‌ಗಳು ರಚನೆಯಾದವು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ವಸೂಲಾಗುತ್ತಿದ್ದ ಲೋಕಲ್ ಫಂಡ್ ಸೆಸ್ ಈ ಮಂಡಳಿಗಳ ಮುಖ್ಯ ಆದಾಯವಾಗಿತ್ತು. ಹಳ್ಳಿಯ ರಸ್ತೆ, ಶಾಲೆ, ದವಾಖಾನೆ, ಬಾವಿಗಳಿಗೆ ಈ ಹಣ ವಿನಿಯೋಗವಾಗುತ್ತಿತ್ತು. ರಾಮದುರ್ಗ ಮಾತ್ರ ಈ ವ್ಯವಸ್ಥೆಯ ಹೊರಗಿತ್ತು. ಪ್ರತ್ಯೇಕ ದೇಶೀಯ ಸಂಸ್ಥಾನವಾಗಿದ್ದ ಅದು 1948ರಲ್ಲಿ ವಿಲೀನಗೊಂಡ ನಂತರವೇ ಜಿಲ್ಲೆಯ ಆಡಳಿತದೊಳಗೆ ಬಂದಿತು.

ಏಕೀಕರಣದ ನಂತರ ಜಾರಿಗೆ ಬಂದ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ತಾಲ್ಲೂಕು ಮಂಡಳಿಗಳಿಗೆ ಒತ್ತು ಕೊಟ್ಟಿತು. ಜಿಲ್ಲಾ ಮಟ್ಟದಲ್ಲಿ ಉಳಿದದ್ದು ಸಲಹಾ ಸ್ವರೂಪದ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಅದಕ್ಕೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು.

ನಿಜವಾದ ತಿರುವು ಬಂದದ್ದು ರಾಮಕೃಷ್ಣ ಹೆಗಡೆ ಅವರ ಸರ್ಕಾರದ ಕಾಲದಲ್ಲಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಜಿಲ್ಲಾ ಪರಿಷತ್ ಕಾಯ್ದೆಯ ರೂವಾರಿಗಳು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದವರು. 1987ರ ಜನವರಿಯಲ್ಲಿ ಈ ಕಾಯ್ದೆಯಡಿ ಮೊದಲ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿತ್ತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ನೀಡಲಾಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ನೇಮಿಸಲಾಯಿತು. ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಚುಕ್ಕಾಣಿ ಜನಪ್ರತಿನಿಧಿಗಳ ಕೈಗೆ ಬಂದದ್ದು ಆಗಲೇ.

ಆದರೆ 1992ರಲ್ಲಿ ಆ ಸದಸ್ಯರ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದರು. ಅಷ್ಟರಲ್ಲಿ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷದ ಮೇ 10ರಂದು ಜಾರಿಯಾಯಿತು. ಜಿಲ್ಲಾ ಪರಿಷತ್ತು ಜಿಲ್ಲಾ ಪಂಚಾಯಿತಿಯಾಯಿತು. ಮುಂದೆ 2016ರಲ್ಲಿ ಈ ಕಾಯ್ದೆಯ ಹೆಸರಿಗೆ 'ಗ್ರಾಮ ಸ್ವರಾಜ್' ಎಂಬ ಪದವೂ ಸೇರಿತು. ಈ ಕಾಯ್ದೆಯಡಿ 1995, 2000, 2005, 2010 ಮತ್ತು 2016ರಲ್ಲಿ ಜಿಲ್ಲಾ ಪಂಚಾಯಿತಿ ಚುನಾವಣೆಗಳು ನಡೆದವು.

ಸದಸ್ಯರು ಯಾರು?

ಕಾಯ್ದೆಯ ಮೂಲ ಸೂತ್ರದ ಪ್ರಕಾರ ಗ್ರಾಮೀಣ ಪ್ರದೇಶದ ಪ್ರತಿ 40 ಸಾವಿರ ಜನಸಂಖ್ಯೆಗೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ. 2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಇವರಲ್ಲಿ ನಾಲ್ಕನೇ ಮೂರು ಭಾಗದಷ್ಟು ಜನ ಹಳ್ಳಿಗಳಲ್ಲಿದ್ದಾರೆ. ಹೀಗಾಗಿ 2016ರ ಚುನಾವಣೆಯಲ್ಲಿ ಬೆಳಗಾವಿ ಜಿಲ್ಲಾ ಪಂಚಾಯಿತಿಗೆ 90 ಸ್ಥಾನಗಳಿದ್ದವು.

ಚುನಾಯಿತ ಸದಸ್ಯರಲ್ಲದೆ, ಜಿಲ್ಲೆಯನ್ನು ಪೂರ್ಣವಾಗಿ ಅಥವಾ ಭಾಗಶಃ ಪ್ರತಿನಿಧಿಸುವ ಲೋಕಸಭಾ ಸದಸ್ಯರು, ಶಾಸಕರು, ಜಿಲ್ಲೆಯಲ್ಲಿ ಮತದಾರರಾಗಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ ಸದಸ್ಯರು ಹಾಗೂ ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು ಕೂಡ ಪದನಿಮಿತ್ತ ಸದಸ್ಯರಾಗಿರುತ್ತಾರೆ. ಕಿತ್ತೂರು, ಬೈಲಹೊಂಗಲ, ಸವದತ್ತಿ ಯಲ್ಲಮ್ಮ ಮತ್ತು ರಾಮದುರ್ಗ ನಾಲ್ಕು ವಿಧಾನಸಭಾ ಕ್ಷೇತ್ರಗಳು. ಇವುಗಳಲ್ಲಿ ಕಿತ್ತೂರು ಕ್ಷೇತ್ರ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ಉಳಿದ ಮೂರು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ. ಅಂದರೆ ಉತ್ತರ ಕನ್ನಡದ ಸಂಸದರಿಗೂ ಬೆಳಗಾವಿ ಜಿಲ್ಲೆಯ ಆಡಳಿತದಲ್ಲಿ ಪಾಲಿದೆ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾಗಿ ನಡೆದರೆ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಮೀಸಲಾತಿ ಇದೆ. ಮಹಿಳೆಯರ ಮೀಸಲಾತಿಯನ್ನು 2010ರಲ್ಲಿ ಮೂರನೇ ಒಂದರಿಂದ ಅರ್ಧಕ್ಕೆ ಏರಿಸಲಾಯಿತು.

ಅಧ್ಯಕ್ಷ, ಸಿಇಒ ಮತ್ತು ಸ್ಥಾಯಿ ಸಮಿತಿಗಳು

ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ಆರಿಸುತ್ತಾರೆ. ಅಧ್ಯಕ್ಷರು ರಾಜಕೀಯ ಮುಖ್ಯಸ್ಥರಾದರೆ, ಆಡಳಿತದ ಮುಖ್ಯಸ್ಥರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ಈ ಹುದ್ದೆಗೆ ಐಎಎಸ್ ಅಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅವರ ಕೆಳಗೆ ಉಪ ಕಾರ್ಯದರ್ಶಿ, ಮುಖ್ಯ ಯೋಜನಾಧಿಕಾರಿ ಮತ್ತು ಮುಖ್ಯ ಲೆಕ್ಕಾಧಿಕಾರಿ ಇರುತ್ತಾರೆ. ಯಾವ ಕೆಲಸ ಮೊದಲು ಆಗಬೇಕು ಎಂಬುದನ್ನು ತೀರ್ಮಾನಿಸುವುದು ಸಭೆ. ತೀರ್ಮಾನವನ್ನು ಜಾರಿಗೆ ತರುವುದು ಸಿಇಒ.

ಜಿಲ್ಲಾ ಪಂಚಾಯಿತಿ ಕನಿಷ್ಠ ಎರಡು ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಸೇರಬೇಕು. ಎಲ್ಲ ವಿಷಯಗಳನ್ನೂ ದೊಡ್ಡ ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸುವುದು ಸಾಧ್ಯವಿಲ್ಲದ ಕಾರಣ ಐದು ಸ್ಥಾಯಿ ಸಮಿತಿಗಳಿಗೆ ಕಾಯ್ದೆ ಅವಕಾಶ ಕಲ್ಪಿಸಿದೆ.

* ಸಾಮಾನ್ಯ ಸ್ಥಾಯಿ ಸಮಿತಿ
* ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ
* ಸಾಮಾಜಿಕ ನ್ಯಾಯ ಸಮಿತಿ
* ಶಿಕ್ಷಣ ಮತ್ತು ಆರೋಗ್ಯ ಸಮಿತಿ
* ಕೃಷಿ ಮತ್ತು ಕೈಗಾರಿಕಾ ಸಮಿತಿ

ಸಾಮಾನ್ಯ ಸಭೆಯ ನಿಜವಾದ ಆಯುಧ 'ಅನುಪಾಲನಾ ವರದಿ'. ಹಿಂದಿನ ಸಭೆಯಲ್ಲಿ ಸದಸ್ಯರು ಎತ್ತಿದ ಪ್ರಶ್ನೆಗೆ, ಸಭೆ ಕೈಗೊಂಡ ನಿರ್ಣಯಕ್ಕೆ ಸಂಬಂಧಿಸಿ ಏನು ಕ್ರಮ ಆಗಿದೆ ಎಂಬುದನ್ನು ಪ್ರತಿ ಇಲಾಖೆಯ ಅಧಿಕಾರಿ ಲಿಖಿತವಾಗಿ ಸಭೆಯ ಮುಂದಿಡಬೇಕು. ಕೊಳವೆಬಾವಿ ಕೊರೆದರೂ ಮೋಟರ್ ಅಳವಡಿಸದಿರುವುದು, ಆರೋಗ್ಯ ಕೇಂದ್ರಕ್ಕೆ ವೈದ್ಯರು ಬಾರದಿರುವುದು, ಕಾಮಗಾರಿ ಅರ್ಧಕ್ಕೆ ನಿಂತಿರುವುದು, ಇಂಥ ಸಂಗತಿಗಳು ಅಧಿಕಾರಿಗಳ ಎದುರು, ಪತ್ರಕರ್ತರ ಸಮ್ಮುಖದಲ್ಲಿ ಚರ್ಚೆಗೆ ಬರುವುದು ಇದೇ ಸಭೆಯಲ್ಲಿ.

ವ್ಯಾಪ್ತಿಗೆ ಬರುವುದು, ಬಾರದಿರುವುದು

ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಪ್ರಾಥಮಿಕ ಮತ್ತು ಪ್ರೌಢಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ, ಗ್ರಾಮೀಣ ಕುಡಿಯುವ ನೀರು, ಹಳ್ಳಿ ರಸ್ತೆ ಮೊದಲಾದವು ಜಿಲ್ಲಾ ಪಂಚಾಯಿತಿಯ ಉಸ್ತುವಾರಿಗೆ ಒಳಪಡುತ್ತವೆ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟು ಹೊಂದಿರುವ ಕೆರೆಗಳು ಪಂಚಾಯಿತಿಯ ಪಾಲಿಗಾದರೆ, ಅದಕ್ಕಿಂತ ದೊಡ್ಡ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ.

ಶಿಕ್ಷಣಕ್ಕೆ ಸಂಬಂಧಿಸಿ ಬೆಳಗಾವಿ ಮತ್ತು ಚಿಕ್ಕೋಡಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಬೆಳಗಾವಿ ಶೈಕ್ಷಣಿಕ ಜಿಲ್ಲೆಯಲ್ಲಿವೆ. ಎರಡರ ಉಪನಿರ್ದೇಶಕರೂ ಒಂದೇ ಜಿಲ್ಲಾ ಪಂಚಾಯಿತಿಗೆ ಉತ್ತರದಾಯಿಗಳು.

ಪಟ್ಟಣಗಳು ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳಿಗೆ ಪುರಸಭೆಗಳಿವೆ, ಕಿತ್ತೂರಿಗೆ ಪಟ್ಟಣ ಪಂಚಾಯಿತಿ ಇದೆ. ಪಹಣಿ, ಭೂದಾಖಲೆ, ಜಾತಿ ಪ್ರಮಾಣಪತ್ರ ಕಂದಾಯ ಇಲಾಖೆಯ ಕೆಲಸ. ಅದಕ್ಕೆ ತಹಶೀಲ್ದಾರ್ ಮತ್ತು ಬೈಲಹೊಂಗಲದ ಉಪವಿಭಾಗಾಧಿಕಾರಿ ಇದ್ದಾರೆ. ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು, ವಿದ್ಯುತ್ ಹೆಸ್ಕಾಂನದು. ನವಿಲುತೀರ್ಥದ ಬಳಿಯ ರೇಣುಕಾಸಾಗರ ಜಲಾಶಯವನ್ನು ನೀರಾವರಿ ನಿಗಮ ನೋಡಿಕೊಳ್ಳುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ಪಟ್ಟಣ ಮತ್ತು ನದಿತೀರದ ಹಳ್ಳಿಗಳು ಜಲಾವೃತಗೊಂಡಾಗ ಈ ವಿಂಗಡಣೆ ಸ್ಪಷ್ಟವಾಗಿ ಕಂಡಿತು. ಜಲಾಶಯದಿಂದ ನೀರು ಬಿಡುವುದು ನಿಗಮದ ತೀರ್ಮಾನ, ಬಿದ್ದ ಮನೆಗೆ ಪರಿಹಾರ ಕಂದಾಯ ಇಲಾಖೆಯ ಹೊಣೆ, ಪಟ್ಟಣದ ಸ್ವಚ್ಛತೆ ಪುರಸಭೆಯದು. ಹಾನಿಗೊಳಗಾದ ಹಳ್ಳಿ ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಘಟಕ ಮತ್ತು ಗ್ರಾಮೀಣ ರಸ್ತೆಗಳು ಜಿಲ್ಲಾ ಪಂಚಾಯಿತಿಯ ಪಾಲಿಗೆ ಬಂದವು.

ಒಂದು ಕೊಠಡಿಯ ಹಾದಿ

ಹಳ್ಳಿಯ ಶಾಲೆಗೆ ಒಂದು ಕೊಠಡಿ ಬೇಕಾದರೆ ಕಡತ ಸಾಗುವ ದಾರಿ ಹೀಗಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬೇಡಿಕೆ ಸಲ್ಲಿಸುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ ತಾಲ್ಲೂಕಿನ ಎಲ್ಲ ಬೇಡಿಕೆಗಳನ್ನು ಕ್ರೋಡೀಕರಿಸಿ ಉಪನಿರ್ದೇಶಕರಿಗೆ ಕಳುಹಿಸುತ್ತಾರೆ. ಅಲ್ಲಿಂದ ಅದು ಜಿಲ್ಲಾ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರುತ್ತದೆ. ಸಭೆ ಅನುಮೋದಿಸಿದ ಬಳಿಕ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಅಂದಾಜುಪಟ್ಟಿ ತಯಾರಿಸುತ್ತದೆ. ತಾಂತ್ರಿಕ ಮಂಜೂರಾತಿ ದೊರೆತ ನಂತರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕುರಿತ 1999ರ ಕಾಯ್ದೆಯಂತೆ ಟೆಂಡರ್ ಕರೆಯಲಾಗುತ್ತದೆ. ಕೆಲಸದ ಅಳತೆ ದಾಖಲಾದ ಮೇಲೆ ಬಿಲ್ ಪಾವತಿ.

ಈ ಸರಪಳಿಯಲ್ಲಿ ಸದಸ್ಯರ ಮಾತು ಹೆಚ್ಚು ತೂಕ ಪಡೆಯುವುದು ಕ್ರಿಯಾ ಯೋಜನೆಯ ಹಂತದಲ್ಲಿ. ಹತ್ತು ಕೊಠಡಿಗೆ ಹಣವಿದ್ದು ಐವತ್ತು ಬೇಡಿಕೆಗಳಿದ್ದರೆ ಯಾವ ಹಳ್ಳಿ ಮೊದಲು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ವಿಸ್ತೀರ್ಣದಲ್ಲಿ ರಾಜ್ಯದಲ್ಲೇ ದೊಡ್ಡದಾದ ಈ ಜಿಲ್ಲೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ರಾಮದುರ್ಗ ಜಿಲ್ಲಾ ಕೇಂದ್ರದಿಂದ ನೂರು ಕಿ.ಮೀ. ಆಸುಪಾಸಿನಲ್ಲಿದೆ. ಅಲ್ಲಿನ ರೈತ ಒಂದು ದಿನದ ದುಡಿಮೆ ಬಿಟ್ಟು ಬೆಳಗಾವಿಗೆ ಬಂದರೂ ಅಧಿಕಾರಿ ಸಿಗುವ ಖಾತರಿ ಇಲ್ಲ. ಸದಸ್ಯರು ಸಿಗುವುದು ಊರ ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ.

ಹಣ ಎಲ್ಲಿಂದ?

ಗ್ರಾಮ ಪಂಚಾಯಿತಿಗೆ ಮನೆ ತೆರಿಗೆ, ನೀರಿನ ಶುಲ್ಕ ವಸೂಲು ಮಾಡುವ ಅಧಿಕಾರವಿದೆ. ಜಿಲ್ಲಾ ಪಂಚಾಯಿತಿಗೆ ಹೇಳಿಕೊಳ್ಳುವಂಥ ಸ್ವಂತ ತೆರಿಗೆ ಇಲ್ಲ. ರಾಜ್ಯ ಬಜೆಟ್‌ನೊಂದಿಗೆ ಪ್ರಕಟವಾಗುವ 'ಲಿಂಕ್ ಡಾಕ್ಯುಮೆಂಟ್' ಎಂಬ ದಾಖಲೆಯಲ್ಲಿ ಪ್ರತಿ ಜಿಲ್ಲೆಗೆ, ಪ್ರತಿ ಲೆಕ್ಕಶೀರ್ಷಿಕೆಗೆ ಎಷ್ಟು ಹಣ ಎಂಬುದು ನಮೂದಾಗಿರುತ್ತದೆ. ಅದರಲ್ಲಿ ಬಹುಪಾಲು ಶಿಕ್ಷಕರು ಮತ್ತು ಸಿಬ್ಬಂದಿಯ ವೇತನಕ್ಕೇ ಹೋಗುತ್ತದೆ. ಉಳಿದದ್ದರಲ್ಲೂ ಹೆಚ್ಚಿನದು ನಿರ್ದಿಷ್ಟ ಯೋಜನೆಗೆ ಕಟ್ಟುಬಿದ್ದ ಹಣ. ಸದಸ್ಯರು ತಮ್ಮ ವಿವೇಚನೆಯಂತೆ ಹಂಚಬಹುದಾದ ಮೊತ್ತ ಅತ್ಯಲ್ಪ. ಶತಮಾನದ ಹಿಂದಿನ ಲೋಕಲ್ ಬೋರ್ಡ್‌ಗೆ ರೂಪಾಯಿಗೆ ಒಂದಾಣೆಯ ಸೆಸ್ ಆದರೂ ಇತ್ತು.

14ನೇ ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯಿತಿಗಳಿಗಷ್ಟೇ ಸೀಮಿತವಾಗಿತ್ತು. 15ನೇ ಹಣಕಾಸು ಆಯೋಗ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೂ ಪಾಲು ನೀಡಿತು. ಆದರೆ ಈ ಅನುದಾನ ವಿಧಿವತ್ತಾಗಿ ಚುನಾಯಿತವಾದ ಸಂಸ್ಥೆಗಳಿಗೆ ಮಾತ್ರ ಎಂಬ ಷರತ್ತು ಇತ್ತು. ಚುನಾವಣೆ ನಡೆಸದ ರಾಜ್ಯಕ್ಕೆ ಅದು ನೇರ ಪೆಟ್ಟು.

ಐರ್ಲೆಂಡ್‌ನ ಪಾಠ

ಬ್ರಿಟಿಷರ ಆಳ್ವಿಕೆಯಲ್ಲೇ ಜಿಲ್ಲಾ ಮಟ್ಟದ ಸ್ಥಳೀಯ ಆಡಳಿತ ಪಡೆದ ಇನ್ನೊಂದು ದೇಶ ಐರ್ಲೆಂಡ್. ಅಲ್ಲಿ 1898ರ ಕಾಯ್ದೆಯಿಂದ ಕೌಂಟಿ ಕೌನ್ಸಿಲ್‌ಗಳು ಹುಟ್ಟಿದವು. ಕೌಂಟಿ ಎಂದರೆ ನಮ್ಮ ಜಿಲ್ಲೆಗೆ ಸಮಾನವಾದ ಘಟಕ. ಈಗ ಅಲ್ಲಿ ಕೌಂಟಿ ಮತ್ತು ನಗರ ಕೌನ್ಸಿಲ್‌ಗಳು ಸೇರಿ 31 ಸ್ಥಳೀಯ ಸಂಸ್ಥೆಗಳಿವೆ. ಬಜೆಟ್ ಅಂಗೀಕಾರ, ಅಭಿವೃದ್ಧಿ ಯೋಜನೆಯಂಥ ನೀತಿ ನಿರ್ಧಾರಗಳು ಸದಸ್ಯರಿಗೆ ಮೀಸಲು. ದೈನಂದಿನ ಆಡಳಿತ ಮುಖ್ಯ ಕಾರ್ಯನಿರ್ವಾಹಕರದು. ಅಧ್ಯಕ್ಷ ಮತ್ತು ಸಿಇಒ ನಡುವಿನ ನಮ್ಮ ವಿಭಜನೆಗೂ ಇದಕ್ಕೂ ಹೋಲಿಕೆ ಇದೆ.

ವ್ಯತ್ಯಾಸ ಇರುವುದು ವಿಷಯ ಮತ್ತು ಹಣದಲ್ಲಿ. ಅಲ್ಲಿನ ಕೌನ್ಸಿಲ್ ಶಾಲೆ, ಆಸ್ಪತ್ರೆಗಳನ್ನು ನಡೆಸುವುದಿಲ್ಲ. ವಸತಿ, ಸ್ಥಳೀಯ ರಸ್ತೆ, ಕಟ್ಟಡ ಪರವಾನಗಿ, ಗ್ರಂಥಾಲಯ, ಅಗ್ನಿಶಾಮಕ ಸೇವೆ ಅದರ ಮುಖ್ಯ ಕೆಲಸ. ಆದರೆ ವಾಣಿಜ್ಯ ಕಟ್ಟಡಗಳ ಮೇಲಿನ ತೆರಿಗೆ ಮತ್ತು 2013ರಿಂದ ಜಾರಿಯಲ್ಲಿರುವ ಸ್ಥಳೀಯ ಆಸ್ತಿ ತೆರಿಗೆ ಅದಕ್ಕೆ ಆದಾಯದ ಮೂಲ. ಅಲ್ಲಿ ಕೆಲಸ ಕಡಿಮೆ, ಸ್ವಂತ ಹಣ ಹೆಚ್ಚು. ಇಲ್ಲಿ ಕೆಲಸ ಅಪಾರ, ಸ್ವಂತ ಹಣ ಇಲ್ಲವೆಂಬಷ್ಟು ಅಲ್ಪ.

ಐರ್ಲೆಂಡ್‌ನಲ್ಲೂ ಸರ್ಕಾರಗಳು ಸ್ಥಳೀಯ ಚುನಾವಣೆಯನ್ನು ಮುಂದೂಡುವುದು ರೂಢಿಯಾಗಿತ್ತು. 1991ರ ಬಳಿಕ ಕೌಂಟಿ ಕೌನ್ಸಿಲ್ ಚುನಾವಣೆ ನಡೆದದ್ದು 1999ರಲ್ಲಿ. ಅದೇ ವರ್ಷ ಜನಮತಗಣನೆಯ ಮೂಲಕ ಸಂವಿಧಾನಕ್ಕೆ ತಿದ್ದುಪಡಿ ತಂದು, ಐದು ವರ್ಷದೊಳಗೆ ಚುನಾವಣೆ ಕಡ್ಡಾಯವೆಂದು ಬರೆಯಲಾಯಿತು. ಆನಂತರ 2004, 2009, 2014, 2019 ಮತ್ತು 2024ರಲ್ಲಿ ತಪ್ಪದೆ ಚುನಾವಣೆ ನಡೆದಿದೆ. ಭಾರತದ ಸಂವಿಧಾನದಲ್ಲಿ ಇದೇ ನಿಯಮ ಅದಕ್ಕಿಂತ ಆರು ವರ್ಷ ಮೊದಲೇ ಸೇರಿತ್ತು.

ಚುನಾವಣೆ ನಿಂತದ್ದು ಏಕೆ?

ಸಂವಿಧಾನದ 243ಇ ವಿಧಿಯ ಪ್ರಕಾರ ಪಂಚಾಯಿತಿಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕು. ಅವಧಿಗೆ ಮುನ್ನ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಸಕಾಲದಲ್ಲಿ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ರಾಜ್ಯದಲ್ಲಿ ವಿಳಂಬಕ್ಕೆ ಎರಡು ಕಾರಣಗಳನ್ನು ಮುಂದಿಡಲಾಯಿತು. ಮೊದಲನೆಯದು ಕ್ಷೇತ್ರ ಪುನರ್ವಿಂಗಡಣೆ. ರಾಜ್ಯ ಚುನಾವಣಾ ಆಯೋಗ ಈ ಕೆಲಸ ಆರಂಭಿಸಿದ್ದರೂ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದ ಸರ್ಕಾರ, ಆ ಅಧಿಕಾರವನ್ನು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ವಹಿಸಿತು. ಎರಡನೆಯದು ಹಿಂದುಳಿದ ವರ್ಗಗಳ ಮೀಸಲಾತಿ. ಈ ಮೀಸಲಾತಿಗೆ ಪ್ರತ್ಯೇಕ ಆಯೋಗದ ಅಧ್ಯಯನ ಅಗತ್ಯವೆಂದು ಸುಪ್ರೀಂ ಕೋರ್ಟ್ ಹೇಳಿದ್ದರಿಂದ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಯಿತು. ಇದೇ ನೆಪದಲ್ಲಿ ಚುನಾವಣೆ ಮುಂದೂಡುವಂತಿಲ್ಲ ಎಂದೂ ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿತು. ವಿಳಂಬಕ್ಕಾಗಿ ಕರ್ನಾಟಕ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 5 ಲಕ್ಷ ರೂ. ದಂಡ ವಿಧಿಸಿತು. ಈ ಅವಧಿಯಲ್ಲಿ ಬಿಜೆಪಿ ಹಾಗೂ ಕಾಂಗ್ರೆಸ್ ಎರಡೂ ಪಕ್ಷಗಳು ಅಧಿಕಾರದಲ್ಲಿದ್ದವು ಎಂಬುದು ಗಮನಾರ್ಹ.

ಪುನರ್ವಿಂಗಡಣೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಬೈಲಹೊಂಗಲ ತಾಲ್ಲೂಕಿನಲ್ಲಿದ್ದ ಕಿತ್ತೂರು ಈಗ ಪ್ರತ್ಯೇಕ ತಾಲ್ಲೂಕು. ಸವದತ್ತಿಯಿಂದ ಯರಗಟ್ಟಿ ಬೇರ್ಪಟ್ಟಿದೆ. ತಾಲ್ಲೂಕು ಒಡೆದಾಗ ಕ್ಷೇತ್ರಗಳ ಗಡಿಯೂ ಬದಲಾಗಬೇಕು. ಆದರೆ ಅದಕ್ಕೆ ಇಷ್ಟು ವರ್ಷ ಬೇಕಿತ್ತೇ ಎಂಬುದೇ ಪ್ರಶ್ನೆ.

ಸದಸ್ಯರಿಲ್ಲದಾಗ ಆಗುವುದೇನು?

ಅವಧಿ ಮುಗಿದ ಬಳಿಕ ಜಿಲ್ಲಾ ಪಂಚಾಯಿತಿಯ ಅಧಿಕಾರಗಳನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಚಲಾಯಿಸುತ್ತಾರೆ. ಶಿಕ್ಷಕರ ವೇತನ ನಿಲ್ಲುವುದಿಲ್ಲ, ಟೆಂಡರ್‌ಗಳೂ ನಿಲ್ಲುವುದಿಲ್ಲ. ನಿಲ್ಲುವುದು ಪ್ರಶ್ನೆ. ಸಾಮಾನ್ಯ ಸಭೆ ಇಲ್ಲ, ಸ್ಥಾಯಿ ಸಮಿತಿಗಳಿಲ್ಲ, ಅನುಪಾಲನಾ ವರದಿ ಕೇಳುವವರಿಲ್ಲ. ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಕೆಡಿಪಿ ಸಭೆಯಲ್ಲಿ ಪ್ರಗತಿ ಪರಿಶೀಲನೆ ನಡೆಯುತ್ತದೆ. ಆದರೆ ಜಿಲ್ಲೆಯ ಎಲ್ಲ ಇಲಾಖೆಗಳ ವರದಿ ಒಂದೇ ದಿನ ಮುಗಿಯಬೇಕಾದ ಆ ಸಭೆಯಲ್ಲಿ ಹಳ್ಳಿಯ ಕೊಳವೆಬಾವಿಗೆ ಸರದಿ ಬರುವುದು ಅಪರೂಪ. ಸಹಜವಾಗಿ ಎಲ್ಲ ಅಹವಾಲುಗಳೂ ಶಾಸಕರ ಮನೆಯ ಬಾಗಿಲಿಗೆ ಬರುತ್ತವೆ. ಶಾಸಕರ ಪ್ರಭಾವ ಹೆಚ್ಚುತ್ತದೆ, ಎರಡನೇ ಸಾಲಿನ ನಾಯಕತ್ವ ಬೆಳೆಯುವ ದಾರಿ ಮುಚ್ಚುತ್ತದೆ. ಅರ್ಧದಷ್ಟು ಸ್ಥಾನ ಮೀಸಲಿದ್ದ ಮಹಿಳೆಯರಿಗೆ ಇದರಿಂದಾದ ನಷ್ಟ ಎಲ್ಲರಿಗಿಂತ ಹೆಚ್ಚು.

ಇನ್ನೊಂದು ಪರಿಣಾಮ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ವಿಧಾನ ಪರಿಷತ್ತಿಗೆ ಸದಸ್ಯರನ್ನು ಆರಿಸುತ್ತಾರೆ. ಬೆಳಗಾವಿಯದು ದ್ವಿಸದಸ್ಯ ಕ್ಷೇತ್ರ. 2021ರ ಡಿಸೆಂಬರ್‌ನಲ್ಲಿ ಈ ಚುನಾವಣೆ ನಡೆದಾಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರೇ ಇಲ್ಲದ ಕಾರಣ ಆ ಮತಗಳು ಚಲಾವಣೆಯಾಗಲಿಲ್ಲ.

ಯಾವುದಕ್ಕೆ ಯಾರು?

* ಹಳ್ಳಿಯ ಬೀದಿದೀಪ, ಚರಂಡಿ, ಮನೆ ತೆರಿಗೆ, ನಲ್ಲಿ ನೀರು: ಗ್ರಾಮ ಪಂಚಾಯಿತಿಯ ಪಿಡಿಒ
* ತಾಲ್ಲೂಕು ಮಟ್ಟದ ಯೋಜನೆಗಳು, ಪಿಡಿಒ ವಿರುದ್ಧದ ದೂರು: ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ
* ಶಾಲಾ ಕಟ್ಟಡ, ಶಿಕ್ಷಕರ ಕೊರತೆ: ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಉಪನಿರ್ದೇಶಕರು
* ಪ್ರಾಥಮಿಕ ಆರೋಗ್ಯ ಕೇಂದ್ರ: ತಾಲ್ಲೂಕು ಆರೋಗ್ಯಾಧಿಕಾರಿ, ನಂತರ ಜಿಲ್ಲಾ ಆರೋಗ್ಯಾಧಿಕಾರಿ
* ಇವರಿಂದ ಪರಿಹಾರ ದೊರೆಯದಿದ್ದರೆ: ಜಿಲ್ಲಾ ಪಂಚಾಯಿತಿ ಸಿಇಒ

ಗ್ರಾಮಸಭೆಯಲ್ಲಿ ಭಾಗವಹಿಸುವ ಮತ್ತು ಲೆಕ್ಕ ಕೇಳುವ ಹಕ್ಕು ಹಳ್ಳಿಯ ಪ್ರತಿ ಮತದಾರರಿಗೂ ಇದೆ. ಕ್ರಿಯಾ ಯೋಜನೆ, ಅಂದಾಜುಪಟ್ಟಿ, ಬಿಲ್‌ಗಳ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಪಡೆಯಬಹುದು. ಆದರೆ ಅರ್ಜಿ ಸಲ್ಲಿಸಿದ ನಾಗರಿಕನಿಗೆ ಸಿಗುವುದು ಕಾಗದದ ಉತ್ತರ. ಅಧಿಕಾರಿಯನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಉತ್ತರ ಪಡೆಯುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ಚುನಾಯಿತ ಸದಸ್ಯರಿಗೆ.